ಲೇತಿನ ಒಂದು ಗಂಟೆಗೆ ಬೆಲೆ ಎಷ್ಟು? ಸಣ್ಣ ಕಾರ್ಖಾನೆಯ ತೀರ್ಮಾನಗಳಿಗೆ ಲೆಕ್ಕದ ದಾರಿ

ಶನಿವಾರ ಸಂಜೆ ಪೀಣ್ಯದ ಸಣ್ಣ ಮಷೀನ್ ಶಾಪುಗಳಲ್ಲಿ ಒಂದೇ ಮಾತು ನಡೆಯುತ್ತಿರುತ್ತದೆ: ಮುಂದಿನ ವಾರ ಯಾವ ಪಾರ್ಟ್ ಎಷ್ಟು ಹಾಕುವುದು? ಹೆಚ್ಚು ದುಡ್ಡು ಬರುವುದನ್ನೇ ಮೊದಲು ಮಾಡಿ ಎಂದು ಮಾಲೀಕರು ಹೇಳುತ್ತಾರೆ. ದಿನಕ್ಕೆ ಮೂರು ಸಲ ಫೋನ್ ಮಾಡುವ ಗ್ರಾಹಕರದನ್ನು ಮೊದಲು ಕಳಿಸಿಬಿಡೋಣ ಎಂದು ಸೂಪರ್‌ವೈಸರ್ ಹೇಳುತ್ತಾರೆ. ಪದೇ ಪದೇ ಸೆಟ್ಟಿಂಗ್ ಬದಲಿಸುವುದು ತಪ್ಪಿದರೆ ಸಾಕು ಎಂಬುದು ಆಪರೇಟರ್‌ನ ಆಸೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂರರಲ್ಲಿ ಒಂದೂ ಲೆಕ್ಕವಲ್ಲ.

ಇರುವ ಯಂತ್ರ, ಜನ, ಸಮಯವನ್ನು ಹೇಗೆ ಬಳಸಿದರೆ ಹೆಚ್ಚು ಫಲ ಎಂದು ಲೆಕ್ಕ ಹಾಕುವ ವಿದ್ಯೆಗೆ ಆಪರೇಷನ್ಸ್ ರಿಸರ್ಚ್ ಎಂದು ಹೆಸರು. ಎಂಜಿನಿಯರಿಂಗ್ ಓದುವಾಗ ಅದರ ಪರೀಕ್ಷೆ ಬರೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಶಾಪ್‌ಫ್ಲೋರಿಗೆ ತಂದವರು ಮಾತ್ರ ಕಡಿಮೆ. ಇದು ದೊಡ್ಡ ಕಂಪನಿಗಳಿಗೆ ಸೇರಿದ ವಿದ್ಯೆ ಎಂಬ ಭಾವನೆ ಎಲ್ಲೋ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಹತ್ತು ಜನ ಕೆಲಸ ಮಾಡುವ ಶೆಡ್ಡಿಗೂ ಇದು ದಕ್ಕುತ್ತದೆ ಎಂದು ತೋರಿಸುವುದಕ್ಕೇ ಈ ಬರಹ. ಒಂದು ಲೇತ್ (ತುಂಡನ್ನು ತಿರುಗಿಸಿ ಕತ್ತರಿಸುವ ಯಂತ್ರ), ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ), ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಸಿಬಿರು) ತೆಗೆಯುವ ಒಂದು ಬೆಂಚು ಇರುವ ಶಾಪನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ಇಟ್ಟಿದ್ದೇನೆ; ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ.

ಮೊದಲು ಗಡಿಯಾರ

ಕಂಪ್ಯೂಟರ್ ತೆರೆಯುವ ಮುನ್ನ ಒಂದು ದಿನ ಯಂತ್ರದ ಪಕ್ಕದಲ್ಲಿ ನಿಂತುಕೊಳ್ಳಿ. ಪಂಪಿನ ಕೇಸಿಂಗ್ ಒಂದಕ್ಕೆ ಲೇತಿನಲ್ಲಿ 22 ನಿಮಿಷ ಎಂದು ಪ್ರೋಗ್ರಾಂ ಹೇಳುತ್ತದೆ. ಅದು ಟೂಲ್ ಲೋಹವನ್ನು ಕತ್ತರಿಸುವ ಸಮಯ, ಅಷ್ಟೇ. ಆಪರೇಟರ್ ಕಾಸ್ಟಿಂಗನ್ನು ಎತ್ತಿ ಚಕ್‌ಗೆ ಕೂರಿಸುತ್ತಾನೆ. ಓಲಾಟ ತೋರಿಸುವ ಡಯಲ್ ಹಚ್ಚಿ ಕೈಯಿಂದ ತಿರುಗಿಸುತ್ತಾನೆ. ಮುಳ್ಳು ಓಲಾಡಿದರೆ ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು, ಮತ್ತೊಂದು ಸುತ್ತು, ಇನ್ನೊಂದು ಪೆಟ್ಟು. ಕೆಲಸ ಮುಗಿದ ಮೇಲೆ ಗಾಳಿ ಹಾಯಿಸಿ ಚೂರುಗಳನ್ನು ಹಾರಿಸುತ್ತಾನೆ, ಬೋರನ್ನು ಅಳೆಯುತ್ತಾನೆ, ಕಾರ್ಡಿನಲ್ಲಿ ಬರೆಯುತ್ತಾನೆ. ಇಷ್ಟೆಲ್ಲ ಸೇರಿದರೆ 30 ನಿಮಿಷ. ಲೆಕ್ಕಕ್ಕೆ ಬೇಕಾದದ್ದು ಈ 30, ಆ 22 ಅಲ್ಲ. ಹತ್ತು ಪೀಸುಗಳನ್ನಾದರೂ ಗಮನಿಸಿ ಸರಾಸರಿ ತೆಗೆಯಿರಿ. ಆಪರೇಟರ್‌ಗೆ ಮೊದಲೇ ವಿಷಯ ತಿಳಿಸಿ. ತನ್ನನ್ನು ಅಳೆಯುತ್ತಿದ್ದಾರೆ ಎಂದುಕೊಂಡವನ ಕೈ ಎಂದಿನಂತೆ ಓಡುವುದಿಲ್ಲ.

ನಮ್ಮ ಉದಾಹರಣೆಯ ಅಂಕಿಗಳು ಹೀಗಿವೆ. ಕೇಸಿಂಗ್ ಒಂದಕ್ಕೆ ಲೇತಿನಲ್ಲಿ 30 ನಿಮಿಷ, ವಿಎಂಸಿಯಲ್ಲಿ 40, ಬೆಂಚಿನಲ್ಲಿ 20. ಫ್ಲ್ಯಾಂಜ್ ಒಂದಕ್ಕೆ ಲೇತಿನಲ್ಲಿ 30, ವಿಎಂಸಿಯಲ್ಲಿ 20, ಬೆಂಚಿನಲ್ಲಿ 15.

ಇನ್ನು ಯಂತ್ರ ಎಷ್ಟು ಹೊತ್ತು ಸಿಗುತ್ತದೆ? ದಿನಕ್ಕೆ ಎರಡು ಶಿಫ್ಟ್, ವಾರಕ್ಕೆ ಆರು ದಿನ ಎಂದರೆ 96 ಗಂಟೆ. ಸೆಟ್ಟಿಂಗ್, ಟೂಲ್ ಬದಲಾವಣೆ, ಕರೆಂಟ್ ಹೋಗುವುದು, ಸಣ್ಣಪುಟ್ಟ ರಿಪೇರಿ ಎಲ್ಲ ಕಳೆದರೆ ಉಳಿಯುವುದೆಷ್ಟು ಎಂಬುದನ್ನು ಮೂರು ತಿಂಗಳ ರಿಜಿಸ್ಟರಿನಿಂದ ತೆಗೆಯಿರಿ. ಇಲ್ಲಿ ಲೇತಿಗೂ ವಿಎಂಸಿಗೂ 80 ಗಂಟೆ, ಅಂದರೆ 4,800 ನಿಮಿಷ. ಬೆಂಚಿಗೆ ಒಬ್ಬನೇ ಕೆಲಸಗಾರ, ಒಂದೇ ಶಿಫ್ಟ್. 48 ಗಂಟೆ, 2,880 ನಿಮಿಷ.

ಲಾಭವಲ್ಲ, ಕೈಗೆ ಉಳಿಯುವ ಹಣ

ಜಾಬ್ ವರ್ಕಿನಲ್ಲಿ (ಗ್ರಾಹಕರು ಕೊಟ್ಟ ಕಚ್ಚಾ ತುಂಡಿನ ಮೇಲೆ ಕೂಲಿಗೆ ಮಾಡುವ ಕೆಲಸದಲ್ಲಿ) ಕೇಸಿಂಗ್ ಒಂದಕ್ಕೆ 520 ರೂಪಾಯಿ ಸಿಗುತ್ತದೆ ಎನ್ನೋಣ. ಇನ್ಸರ್ಟ್ (ಟೂಲಿನ ತುದಿಗೆ ಹಾಕುವ, ಸವೆದರೆ ಬದಲಿಸುವ ಕತ್ತರಿಸುವ ತುಣುಕು) 45, ಕೂಲಂಟ್ ಮತ್ತು ವಿದ್ಯುತ್ 40, ಪ್ಯಾಕಿಂಗ್ ಮತ್ತು ಸಾಗಣೆ 35 ಕಳೆದರೆ 400 ಉಳಿಯುತ್ತದೆ. ಶೆಡ್ಡಿನ ಬಾಡಿಗೆ, ತಿಂಗಳ ಸಂಬಳ, ಬ್ಯಾಂಕಿನ ಕಂತು ಇದರಲ್ಲಿ ಬರಕೂಡದು. ನೀವು ಕೇಸಿಂಗ್ ಮಾಡಿದರೂ ಫ್ಲ್ಯಾಂಜ್ ಮಾಡಿದರೂ ಅವುಗಳನ್ನು ಕೊಡಲೇಬೇಕು. ಯಾವುದನ್ನು ಮಾಡುವುದು ಎಂಬ ತೀರ್ಮಾನದಿಂದ ಅವು ಬದಲಾಗುವುದಿಲ್ಲ. ಬಾಡಿಗೆಯನ್ನು ಪೀಸಿನ ಲೆಕ್ಕದಲ್ಲಿ ಹಂಚಿ, ಒಳ್ಳೆಯ ಆರ್ಡರನ್ನು ನಷ್ಟವೆಂದು ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ. ಇದೇ ರೀತಿ ಲೆಕ್ಕ ಹಾಕಿದರೆ ಫ್ಲ್ಯಾಂಜ್‌ಗೆ 300 ರೂಪಾಯಿ.

ಗ್ರಾಫ್ ಹಾಳೆಯ ಮೇಲೆ

ಮಗಳ ಜಾಮಿಟ್ರಿ ಪೆಟ್ಟಿಗೆಯಿಂದ ಸ್ಕೇಲ್ ತೆಗೆದುಕೊಳ್ಳಿ. ಅಡ್ಡಗೆರೆಯ ಮೇಲೆ ಕೇಸಿಂಗ್ (ಕ), ಲಂಬಗೆರೆಯ ಮೇಲೆ ಫ್ಲ್ಯಾಂಜ್ (ಫ). ಈಗ ಪ್ರತಿ ಯಂತ್ರದ ಮಿತಿಯನ್ನೂ ಒಂದೊಂದು ಸಾಲಾಗಿ ಬರೆಯಿರಿ.

ಲೇತ್: 30ಕ + 30ಫ ≤ 4,800
ವಿಎಂಸಿ: 40ಕ + 20ಫ ≤ 4,800
ಬೆಂಚು: 20ಕ + 15ಫ ≤ 2,880

ಲೇತಿನ ಗೆರೆ ಅಡ್ಡಕ್ಕೂ ಲಂಬಕ್ಕೂ 160ರಲ್ಲಿ ತಾಗುತ್ತದೆ. ವಿಎಂಸಿಯದು ಅಡ್ಡಕ್ಕೆ 120ರಲ್ಲಿ, ಲಂಬಕ್ಕೆ 240ರಲ್ಲಿ. ಬೆಂಚಿನದು 144 ಮತ್ತು 192ರಲ್ಲಿ. ಮೂರೂ ಗೆರೆಗಳ ಒಳಗೆ ಬರುವ ಜಾಗವೇ ನಿಮ್ಮ ಶಾಪಿನ ನಿಜವಾದ ಶಕ್ತಿ. ಅದರ ಒಳಗಿನ ಯಾವ ಚುಕ್ಕಿಯಾದರೂ ಒಂದು ವಾರದ ಯೋಜನೆ. ಅತಿ ಹೆಚ್ಚು ಹಣ ತರುವ ಯೋಜನೆ ಯಾವಾಗಲೂ ಆ ಜಾಗದ ಒಂದು ಮೂಲೆಯಲ್ಲಿ ಸಿಗುತ್ತದೆ. ಆದ್ದರಿಂದ ಸಾವಿರಾರು ಚುಕ್ಕಿಗಳನ್ನು ಹುಡುಕಬೇಕಿಲ್ಲ, ಮೂಲೆಗಳನ್ನು ನೋಡಿದರೆ ಸಾಕು. ಮೂಲೆಯಿಂದ ಮೂಲೆಗೆ ಕ್ರಮವಾಗಿ ನಡೆಯುವ ಸಿಂಪ್ಲೆಕ್ಸ್ ವಿಧಾನವನ್ನು ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಕೊಟ್ಟರು. ಇಂದಿನ ಸ್ಪ್ರೆಡ್‌ಶೀಟ್‌ಗಳ ಒಳಗೂ ಅದೇ ಇದೆ.

ಮಾಲೀಕರ ಮಾತಿನಂತೆ ಬರೀ ಕೇಸಿಂಗ್ ಮಾಡಿದರೆ ವಿಎಂಸಿ 120ಕ್ಕೆ ತಡೆಯುತ್ತದೆ: 48,000 ರೂಪಾಯಿ. ಬರೀ ಫ್ಲ್ಯಾಂಜ್ ಆದರೆ ಲೇತ್ 160ಕ್ಕೆ ತಡೆಯುತ್ತದೆ: ಅದೂ 48,000. ಲೇತ್ ಮತ್ತು ವಿಎಂಸಿ ಗೆರೆಗಳು ಕೂಡುವ ಮೂಲೆಯಲ್ಲಿ 80 ಕೇಸಿಂಗ್, 80 ಫ್ಲ್ಯಾಂಜ್: 56,000. ಅದೇ ಯಂತ್ರ, ಅದೇ ಜನ, ವಾರಕ್ಕೆ 8,000 ರೂಪಾಯಿ ಹೆಚ್ಚು.

ನಿಮ್ಮ 400 ರೂಪಾಯಿಯ ಅಂದಾಜು ಸ್ವಲ್ಪ ತಪ್ಪಿದ್ದರೆ? ಫ್ಲ್ಯಾಂಜ್‌ನ 300 ಹಾಗೆಯೇ ಇದ್ದರೆ, ಕೇಸಿಂಗ್‌ನದು 300ರಿಂದ 600ರ ನಡುವೆ ಎಲ್ಲಿದ್ದರೂ ಇದೇ ಮೂಲೆ ಗೆಲ್ಲುತ್ತದೆ. ಹಾಗಾಗಿ ಇನ್ಸರ್ಟ್ ಖರ್ಚು 45ಓ 52ಓ ಎಂದು ಚರ್ಚೆ ಮಾಡುತ್ತ ಕೂರುವ ಅಗತ್ಯವಿಲ್ಲ. ಯಾವ ಅಂಕಿಯನ್ನು ಜೋಪಾನವಾಗಿ ಅಳೆಯಬೇಕು, ಯಾವುದನ್ನು ಅಂದಾಜಿಗೆ ಬಿಡಬಹುದು ಎಂಬುದೂ ಲೆಕ್ಕದಿಂದಲೇ ತಿಳಿಯುತ್ತದೆ.

ಗಂಟೆಯ ಒಳಬೆಲೆ

80 ಮತ್ತು 80 ಎಂಬ ಉತ್ತರಕ್ಕಿಂತ ದೊಡ್ಡ ಉತ್ತರ ಇನ್ನೊಂದಿದೆ. ಲೇತ್ ಇನ್ನೊಂದು ಗಂಟೆ ಸಿಕ್ಕಿದರೆ ಈ 56,000 ಎಷ್ಟಾಗುತ್ತದೆ? ಪುಸ್ತಕಗಳು ಇದನ್ನು ಶ್ಯಾಡೋ ಪ್ರೈಸ್ ಎನ್ನುತ್ತವೆ. ನಾನು ಒಳಬೆಲೆ ಎನ್ನುತ್ತೇನೆ, ಏಕೆಂದರೆ ಇದು ಮಾರುಕಟ್ಟೆಯಲ್ಲಿ ಕೇಳಿದರೆ ಸಿಗುವ ಬೆಲೆಯಲ್ಲ, ನಿಮ್ಮ ಶಾಪಿನ ಒಳಗೆ ಆ ಗಂಟೆಗೆ ಇರುವ ಬೆಲೆ. 1930ರ ದಶಕದ ಕೊನೆಯಲ್ಲಿ ಲೆನಿನ್‌ಗ್ರಾಡ್‌ನ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕ ಮಾಡುವಾಗ ಇಂಥದೇ ಬೆಲೆಗಳನ್ನು ಕಂಡುಕೊಂಡರು. 1975ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ಟ್ಯಾಲಿಂಗ್ ಕೂಪ್‌ಮನ್ಸ್ ಅವರಿಗೂ ಸೇರಿ ಬಂತು.

ನಮ್ಮ ಲೆಕ್ಕದಲ್ಲಿ ಇದನ್ನು ಕೈಯಿಂದಲೇ ತೆಗೆಯಬಹುದು. ಲೇತಿನ ಒಂದು ನಿಮಿಷದ ಬೆಲೆ ಲ, ವಿಎಂಸಿಯದು ವ. ಕೇಸಿಂಗ್ ತಿನ್ನುವ ನಿಮಿಷಗಳ ಬೆಲೆ ಅದು ತರುವ ಹಣಕ್ಕೆ ಸಮ: 30ಲ + 40ವ = 400. ಫ್ಲ್ಯಾಂಜ್‌ಗೂ ಹಾಗೆಯೇ: 30ಲ + 20ವ = 300. ಒಂದರಿಂದ ಇನ್ನೊಂದನ್ನು ಕಳೆದರೆ 20ವ = 100, ಅಂದರೆ ವಿಎಂಸಿಯ ನಿಮಿಷಕ್ಕೆ 5 ರೂಪಾಯಿ, ಗಂಟೆಗೆ 300. ಅದನ್ನು ಹಾಕಿದರೆ 30ಲ = 200, ಅಂದರೆ ಲೇತಿನ ಗಂಟೆಗೆ 400. ಬೆಂಚಿನಲ್ಲಿ 2,880ರ ಪೈಕಿ 2,800 ನಿಮಿಷವಷ್ಟೇ ಖರ್ಚಾಗಿರುವುದರಿಂದ ಅದರ ಒಳಬೆಲೆ ಸೊನ್ನೆ.

ಈ ಮೂರು ಅಂಕಿಗಳನ್ನು ಗೋಡೆಯ ಬೋರ್ಡಿನ ಮೇಲೆ ಬರೆದಿಡಿ. ವಾರವಿಡೀ ಬರುವ ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಸಿಗುತ್ತದೆ.

ಓವರ್‌ಟೈಮ್ ಕೊಡಬೇಕೇ? ಕಾನೂನಿನ ಪ್ರಕಾರ ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ. ಇತರ ಖರ್ಚೂ ಸೇರಿ ಗಂಟೆಗೆ 250 ರೂಪಾಯಿ ಆಗುವುದಾದರೆ, ಲೇತಿಗೆ ಕಣ್ಣು ಮುಚ್ಚಿ ಕೊಡಿ, ಗಂಟೆಗೆ 150 ಉಳಿಯುತ್ತದೆ. ವಿಎಂಸಿ ಆಪರೇಟರ್‌ಗೆ 320 ಆಗುವುದಾದರೆ ಬೇಡ.

ಎಷ್ಟು ಗಂಟೆ ಕೊಡಬಹುದು? ಇಲ್ಲಿ ತುಂಬ ಜನ ಎಡವುತ್ತಾರೆ. ಒಳಬೆಲೆ ಕೊನೆಯಿಲ್ಲದೆ ನಡೆಯುವುದಿಲ್ಲ. ಲೇತಿಗೆ ನಾಲ್ಕು ಗಂಟೆ ಸೇರಿಸಿದರೆ ಹೊಸ ಯೋಜನೆ 72 ಕೇಸಿಂಗ್, 96 ಫ್ಲ್ಯಾಂಜ್, ಹಣ 57,600. ಸರಿಯಾಗಿ 1,600 ಹೆಚ್ಚಾಯಿತು. ಈಗ ಬೆಂಚಿನ ನಿಮಿಷಗಳನ್ನು ಕೂಡಿ ನೋಡಿ: 1,440 ಮತ್ತು 1,440, ಒಟ್ಟು 2,880. ಬೆಂಚು ಭರ್ತಿ. ಐದನೆಯ ಗಂಟೆಗೆ ಆ 400 ಸಿಗುವುದಿಲ್ಲ; ತಡೆಯುವುದು ಈಗ ಲಕ್ಷಗಟ್ಟಲೆಯ ಯಂತ್ರವಲ್ಲ, ಅರ ಹಿಡಿದು ಬರ್ ತೆಗೆಯುವ ಕೈ.

ಹೊಸ ಆರ್ಡರ್ ಒಪ್ಪಿಕೊಳ್ಳಬೇಕೇ? ಬೇರಿಂಗ್ ಕವರ್ ಒಂದು ಬಂದಿದೆ, ಲೇತಿನಲ್ಲಿ 18 ನಿಮಿಷ, ವಿಎಂಸಿಯಲ್ಲಿ 20, ಕೈಗೆ ಉಳಿಯುವುದು 200 ರೂಪಾಯಿ. ನೋಡಿದರೆ ಚೆನ್ನಾಗಿಯೇ ಇದೆ. ಆದರೆ ಆ ನಿಮಿಷಗಳ ಒಳಬೆಲೆ ಲೇತಿನಲ್ಲಿ 120, ವಿಎಂಸಿಯಲ್ಲಿ 100, ಒಟ್ಟು 220. ಪ್ರತಿ ಪೀಸಿಗೂ 20 ರೂಪಾಯಿ ಕೈಬಿಟ್ಟುಹೋಗುತ್ತದೆ. ಗ್ರಾಹಕರ ಬಳಿ ಪೀಸಿಗೆ 20 ರೂಪಾಯಿಗಿಂತ ಹೆಚ್ಚು ಏರಿಸಿ ಕೇಳಿ, ಒಪ್ಪದಿದ್ದರೆ ಕೈಮುಗಿದು ಬಿಟ್ಟುಬಿಡಿ.

ಸ್ಪ್ರೆಡ್‌ಶೀಟಿನಲ್ಲಿ

ಪಾರ್ಟುಗಳು ಎರಡಕ್ಕಿಂತ ಹೆಚ್ಚಾದರೆ ಗ್ರಾಫ್ ಸಾಲದು. ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ಆಪ್ಷನ್ಸ್, ಅದರೊಳಗೆ ಆಡ್-ಇನ್ಸ್, ಅಲ್ಲಿ ಗೋ ಒತ್ತಿ ಸಾಲ್ವರ್‌ಗೆ ಟಿಕ್ ಹಾಕಿ. ಆಮೇಲೆ ಅದು ಡೇಟಾ ಟ್ಯಾಬಿನಲ್ಲಿ ಕಾಣಿಸುತ್ತದೆ. ಒಂದು ಸಾಲಿನಲ್ಲಿ ಪಾರ್ಟುಗಳ ಸಂಖ್ಯೆಗೆ ಖಾಲಿ ಮನೆಗಳು, ಅದರ ಕೆಳಗೆ ಪೀಸಿಗೆ ಉಳಿಯುವ ಹಣ, ಅದರ ಕೆಳಗೆ ಯಂತ್ರಕ್ಕೊಂದು ಸಾಲು. ಒಟ್ಟು ಹಣವನ್ನೂ ಪ್ರತಿ ಯಂತ್ರದ ಒಟ್ಟು ನಿಮಿಷವನ್ನೂ ಸಮ್‌ಪ್ರಾಡಕ್ಟ್ ಸೂತ್ರದಿಂದ ತೆಗೆಯಿರಿ. ಸಾಲ್ವರ್‌ನಲ್ಲಿ ಒಟ್ಟು ಹಣ ಗರಿಷ್ಠವಾಗಬೇಕು ಎಂದು ಹೇಳಿ, ಮಿತಿಗಳನ್ನು ಸೇರಿಸಿ, ವಿಧಾನವಾಗಿ ಸಿಂಪ್ಲೆಕ್ಸ್ ಎಲ್‌ಪಿ ಆರಿಸಿ. ಗ್ರಾಹಕರಿಗೆ ಕೊಟ್ಟ ಮಾತನ್ನು ಮರೆಯಬೇಡಿ: ವಾರಕ್ಕೆ 40 ಫ್ಲ್ಯಾಂಜ್ ಕೊಡುತ್ತೇವೆ ಎಂದಿದ್ದರೆ ಅದೂ ಒಂದು ಸಾಲು. ಉತ್ತರ ಬಂದ ಕೂಡಲೇ ಸೆನ್ಸಿಟಿವಿಟಿ ವರದಿಯನ್ನು ಕೇಳಿ ಪಡೆಯಿರಿ. ಒಳಬೆಲೆಗಳೂ ಅವು ಎಲ್ಲಿಯವರೆಗೆ ನಡೆಯುತ್ತವೆ ಎಂಬುದೂ ಅದರಲ್ಲಿರುತ್ತವೆ. ಸಂಖ್ಯೆಗಳು ಪೂರ್ಣಾಂಕವೇ ಆಗಬೇಕೆಂದು ಷರತ್ತು ಹಾಕಿದರೆ ಆ ವರದಿ ಸಿಗುವುದಿಲ್ಲ. ಆದ್ದರಿಂದ ಮೊದಲು ಷರತ್ತಿಲ್ಲದೆ ಬಿಡಿಸಿ ವರದಿ ಪಡೆದು, ಆಮೇಲೆ ಪೂರ್ಣಾಂಕಕ್ಕೆ ಬನ್ನಿ.

ಬೆಂಚಿನ ಮುಂದಿನ ರಾಶಿ

ಬೆಂಚಿನ ಒಳಬೆಲೆ ಸೊನ್ನೆ ಎಂದೆ. ಹಾಗೆಂದು ಅದನ್ನು ಮರೆತರೆ ಗುರುವಾರದ ಹೊತ್ತಿಗೆ ಟ್ರೇಗಳು ನಡೆಯುವ ದಾರಿಗೂ ಬಂದು ಕೂರುತ್ತವೆ. ಈವರೆಗಿನ ಲೆಕ್ಕ ಸರಾಸರಿಯದು; ನಿಜವಾದ ಕೆಲಸ ಒಮ್ಮೆಲೇ ಬರುತ್ತದೆ, ಒಮ್ಮೆ ಬರುವುದೇ ಇಲ್ಲ. ಸಾಲು ಕಾಯುವ ಈ ಲೆಕ್ಕವನ್ನು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲಿ ಶುರುಮಾಡಿದರು. ಅದರ ಅತಿ ಸರಳ ಮಾದರಿಯಲ್ಲಿ, ಬೆಂಚಿನ ಮೇಲಿನ ಭಾರ ಶೇ. 80 ಇದ್ದರೆ ಅಲ್ಲಿ ಸರಾಸರಿ 4 ಕೆಲಸಗಳಿರುತ್ತವೆ, ಶೇ. 90ಕ್ಕೆ 9; ಶೇ. 95ಕ್ಕೆ 19. ನಿಮ್ಮ ಶಾಪಿನಲ್ಲಿ ಸಂಖ್ಯೆ ಇಷ್ಟೇ ಬರಬೇಕೆಂದಿಲ್ಲ, ಆದರೆ ಏರುವ ರೀತಿ ಇದೇ. ನಮ್ಮ ಬೆಂಚಿನ ಭಾರ 2,880ಕ್ಕೆ 2,800, ಅಂದರೆ ಶೇ. 97. ವಾರದಲ್ಲಿ ನಾಲ್ಕು ಗಂಟೆ ಇನ್ನೊಬ್ಬನನ್ನು ಅಲ್ಲಿ ಕೂರಿಸಿದರೆ ಅದು ಶೇ. 90ರ ಹತ್ತಿರಕ್ಕೆ ಇಳಿಯುತ್ತದೆ. ಇಷ್ಟು ಅಗ್ಗದಲ್ಲಿ ಸಿಗುವ ನೆಮ್ಮದಿ ಶಾಪಿನಲ್ಲಿ ಇನ್ನೊಂದಿಲ್ಲ.

ಇನ್ಸರ್ಟ್ ಎಷ್ಟು ತರಿಸುವುದು

ಇದು ಚಿಕ್ಕ ಲೆಕ್ಕ. ವರ್ಷಕ್ಕೆ 2,400 ಇನ್ಸರ್ಟ್ ಬೇಕು. ಒಂದು ಸಲ ತರಿಸಲು ಫೋನ್, ಗಾಡಿ, ಬಿಲ್ ನಮೂದು ಎಲ್ಲ ಸೇರಿ 300 ರೂಪಾಯಿ. 200 ರೂಪಾಯಿಯ ಇನ್ಸರ್ಟನ್ನು ಒಂದು ವರ್ಷ ಕಪಾಟಿನಲ್ಲಿಟ್ಟರೆ ಶೇ. 18ರಂತೆ 36 ರೂಪಾಯಿ ಖರ್ಚು ಬಿದ್ದ ಹಾಗೆ. ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರದಂತೆ, ಎರಡನ್ನು ವಾರ್ಷಿಕ ಬೇಡಿಕೆಯಿಂದಲೂ ತರಿಸುವ ಖರ್ಚಿನಿಂದಲೂ ಗುಣಿಸಿ, ಇಡುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: 14,40,000 ಭಾಗಿಸು 36, ಅಂದರೆ 40,000, ವರ್ಗಮೂಲ 200. ತಿಂಗಳಿಗೊಮ್ಮೆ 200. ವರ್ಷದ ಖರ್ಚು 7,200. ಮುನ್ನೂರು ತರಿಸಿದರೂ ಅದು 7,800 ಆಗುತ್ತದೆ, ಅಷ್ಟೇ. ಆದ್ದರಿಂದ ವರ್ಷಕ್ಕೆ 600 ರೂಪಾಯಿಗಿಂತ ಹೆಚ್ಚು ರಿಯಾಯಿತಿ ಸಿಕ್ಕರೆ ಧಾರಾಳವಾಗಿ ಮುನ್ನೂರರಂತೆ ತರಿಸಿ.

ಎರಡನೆಯ ಲೇತ್ ಕೊಳ್ಳಬೇಕೇ

ದೊಡ್ಡ ಗ್ರಾಹಕರೊಬ್ಬರ ಆರ್ಡರ್ ಮುಂದುವರಿದರೆ ಹೊಸ ಲೇತಿನಿಂದ 12 ಲಕ್ಷ ಬರುತ್ತದೆ, ನಿಂತುಹೋದರೆ 8 ಲಕ್ಷ ಹೋಗುತ್ತದೆ ಎನ್ನೋಣ. ಕೊಳ್ಳದೆ ಹೆಚ್ಚುವರಿ ಕೆಲಸವನ್ನು ಹೊರಗೆ ಕೊಟ್ಟರೆ ಮುಂದುವರಿದಾಗ 4 ಲಕ್ಷ, ನಿಂತಾಗ ಲಾಭವೂ ಇಲ್ಲ ನಷ್ಟವೂ ಇಲ್ಲ. ಮುಂದುವರಿಯುವ ಸಾಧ್ಯತೆ ಶೇ. 60 ಎಂದು ನಿಮಗನ್ನಿಸಿದರೆ, ಕೊಳ್ಳುವುದರ ಸರಾಸರಿ ಫಲ 7.2 ಲಕ್ಷದಿಂದ 3.2 ಲಕ್ಷ ಕಳೆದು 4 ಲಕ್ಷ. ಹೊರಗೆ ಕೊಡುವುದರದು 2.4 ಲಕ್ಷ.

ಆ 60 ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ: ಸಾಧ್ಯತೆ ಎಷ್ಟಿದ್ದಾಗ ಎರಡೂ ಸಮವಾಗುತ್ತವೆ? ಇಲ್ಲಿ ಸರಿಯಾಗಿ ಅರ್ಧಕ್ಕೆ. ಈಗ ಶೇ. 60ಓ 65ಓ ಎಂಬ ಚರ್ಚೆ ಬೇಕಾಗಿಲ್ಲ, ಅರ್ಧಕ್ಕಿಂತ ಹೆಚ್ಚೋ ಅಲ್ಲವೋ ಎಂಬುದಷ್ಟೇ ತಿಳಿದರೆ ಸಾಕು. ಆ ಗ್ರಾಹಕರ ಖರೀದಿ ವಿಭಾಗದವರ ಎದುರು ಕುಳಿತು ಒಂದು ಗಂಟೆ ಮಾತನಾಡಿದರೆ ಇದು ಬಹುಮಟ್ಟಿಗೆ ಗೊತ್ತಾಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಸರಾಸರಿ ಎಂಬುದು ಮತ್ತೆ ಮತ್ತೆ ಆಡುವವರಿಗೆ ಸಲ್ಲುವ ಮಾತು. 8 ಲಕ್ಷ ಹೋದರೆ ಶಟರ್ ಎಳೆಯಬೇಕಾದ ಸ್ಥಿತಿ ನಿಮ್ಮದಾದರೆ, ಸಾಧ್ಯತೆ ಶೇ. 70 ಇದ್ದರೂ ನಾನು ಕೊಳ್ಳಿ ಎನ್ನಲಾರೆ.

ಒಂದು ಅಂಕಿ ಬದಲಾದಾಗ

ಯೋಜನೆಯನ್ನು ವಾರವಾರ ಹೊಸದಾಗಿ ಬಿಡಿಸಬೇಕು. ಏಕೆಂದು ಒಂದೇ ಒಂದು ಬದಲಾವಣೆಯಿಂದ ತೋರಿಸುತ್ತೇನೆ. ಕೇಸಿಂಗ್‌ನ ಕಾಸ್ಟಿಂಗ್ ಈ ಸಲ ಗಟ್ಟಿಯಾಗಿ ಬಂದಿದೆ. ಲೇತಿನಲ್ಲಿ 30ರ ಬದಲು 34 ನಿಮಿಷ ಹಿಡಿಯುತ್ತಿದೆ. ಏನು ಮಾಡುತ್ತೀರಿ? ಕೇಸಿಂಗ್ ನಿಧಾನವಾಯಿತು, ಹಾಗಾಗಿ ಕೇಸಿಂಗ್ ಕಡಿಮೆ ಮಾಡೋಣ ಎಂದು ಯಾರಾದರೂ ಹೇಳುತ್ತಾರೆ. 80 ಫ್ಲ್ಯಾಂಜ್ ಹಾಗೆಯೇ ಉಳಿಸಿಕೊಂಡರೆ 70 ಕೇಸಿಂಗ್ ಆಗುತ್ತದೆ, ಹಣ 52,000.

ಸಾಲ್ವರ್ ಹೇಳುವುದು ಬೇರೆ: 93 ಕೇಸಿಂಗ್, 54 ಫ್ಲ್ಯಾಂಜ್, 53,400 ರೂಪಾಯಿ. ನಿಧಾನವಾದ ಪಾರ್ಟನ್ನೇ ಹೆಚ್ಚು ಮಾಡಿ ಎನ್ನುತ್ತಿದೆ. ಕಂಪ್ಯೂಟರಿನ ತಪ್ಪೆಂದು ತಳ್ಳಿಹಾಕುವ ಮೊದಲು ಕೈಯಿಂದ ಲೆಕ್ಕ ಮಾಡಿ ನೋಡಿ. ಎರಡು ಫ್ಲ್ಯಾಂಜ್ ಬಿಟ್ಟರೆ ವಿಎಂಸಿಯಲ್ಲಿ 40 ನಿಮಿಷ ಬಿಡುವಾಗುತ್ತದೆ, ಅದು ಒಂದು ಕೇಸಿಂಗ್‌ಗೆ ಸರಿಹೋಗುತ್ತದೆ. ಅದೇ ಅದಲುಬದಲಿನಿಂದ ಲೇತಿನಲ್ಲಿ 60 ನಿಮಿಷ ಬಿಡುವಾಗಿ 34 ಖರ್ಚಾಗುತ್ತದೆ. 26 ನಿಮಿಷ ಉಳಿತಾಯ. 80 ಕೇಸಿಂಗ್‌ಗೆ ತಲಾ 4 ನಿಮಿಷದಂತೆ ಲೇತಿನಲ್ಲಿ 320 ನಿಮಿಷ ಕೊರತೆಯಾಗಿತ್ತು. 26ರಂತೆ ಅದನ್ನು ತುಂಬಲು ಹದಿಮೂರು ಸಲ ಅದಲುಬದಲು ಬೇಕು. ಎಂಬತ್ತಕ್ಕೆ ಹದಿಮೂರು ಸೇರಿದರೆ 93, ಎಂಬತ್ತರಲ್ಲಿ ಇಪ್ಪತ್ತಾರು ಕಳೆದರೆ 54. ಸೋಮವಾರ ಬೆಳಗಿನ ಶಿಫ್ಟಿನ ಕಾರ್ಡಿನಲ್ಲಿ ಈ ಎರಡು ಸಂಖ್ಯೆಗಳನ್ನು ಬರೆಯಿರಿ, ಆಪರೇಟರ್ ಏಕೆ ಎಂದು ಕೇಳಿದಾಗ ಈ ಅದಲುಬದಲಿನ ಲೆಕ್ಕವನ್ನು ಅದೇ ಕಾರ್ಡಿನ ಹಿಂಬದಿಯಲ್ಲಿ ಬಿಡಿಸಿ ತೋರಿಸಿ.